ಸುಣ್ಣದ ಮುಳ್ಳು

ಪತ್ತನಾಜೆ ಕಳೆದ ಮೇಲೆ ನಮ್ಮೂರಿಗೆ ಮೊದಲು ಬಣ್ಣದಜ್ಜ ಬರುತ್ತಿದ್ದರು, ಅವರ ಬೆನ್ನಿಗೇ ಮಳೆ ಬರುತ್ತಿತ್ತು. ತುಳುವರ ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಮೇ 24ಕ್ಕೋ 25ಕ್ಕೋ ಬೀಳುತ್ತದೆ. ದೀಪಾವಳಿಯ ನಂತರ ತಿರುಗಾಟಕ್ಕೆ ಹೊರಟ ಯಕ್ಷಗಾನ ಮೇಳಗಳು ಅವತ್ತು ಗೆಜ್ಜೆ ಬಿಚ್ಚುತ್ತವೆ. ಭೂತಕೋಲಗಳು ನಿಲ್ಲುತ್ತವೆ. ಆರು ತಿಂಗಳು ದಿನಕ್ಕೊಂದು ಊರಿನಲ್ಲಿ ಬೆಳಗಿನವರೆಗೆ ಕುಣಿದವರು ತಮ್ಮ ತಮ್ಮ ಮನೆಯ ದಾರಿ ಹಿಡಿಯುತ್ತಾರೆ. ಬಣ್ಣದಜ್ಜ ವಿಟ್ಲದಲ್ಲಿ ಬಸ್ಸಿಳಿದು, ತಗಡಿನ ಟ್ರಂಕನ್ನು ಹೆಗಲ ಮೇಲಿಟ್ಟುಕೊಂಡು, ಗುಡ್ಡದ ಕಾಲುದಾರಿಯಲ್ಲಿ ಇಳಿದು ಬರುತ್ತಿದ್ದರು. ಅವರ ಮನೆ ನಮ್ಮ ಅಡಿಕೆ ತೋಟದ ಬೇಲಿಯಾಚೆ. ಅವರು ಬಂದ ಸುದ್ದಿ ನಮಗೆ ತಿಳಿಯುತ್ತಿದ್ದುದು ರಾತ್ರಿ. ನಡುರಾತ್ರಿಯಲ್ಲಿ ಬೇಲಿಯಾಚೆ ಚಿಮಿಣಿ ದೀಪ ಉರಿಯುತ್ತಿತ್ತು.

1970ರ ದಶಕದ ಮಾತು ಇದು. ರಾವಣ, ಮಹಿಷಾಸುರ, ತಾಟಕಿ, ಶೂರ್ಪನಖಿ ಮುಂತಾದ ರಕ್ಕಸ ಪಾತ್ರಗಳಿಗೆ ಯಕ್ಷಗಾನದ ತೆಂಕುತಿಟ್ಟಿನಲ್ಲಿ ಬಣ್ಣದ ವೇಷ ಎನ್ನುತ್ತಾರೆ. ಅವರು ಆ ವೇಷಗಳನ್ನು ಮಾಡುವವರು, ಹಾಗಾಗಿ ಊರಿಗೆಲ್ಲ ಬಣ್ಣದವರು, ನಮಗೆ ಮಕ್ಕಳಿಗೆ ಬಣ್ಣದಜ್ಜ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಹಗಲು ಮಲಗುತ್ತಿದ್ದರು, ರಾತ್ರಿ ಎಚ್ಚರವಿರುತ್ತಿದ್ದರು. ಕಣ್ಣು ಸದಾ ಕೆಂಪು. ಎರಡೂ ಕೆನ್ನೆಯ ಚರ್ಮ ಒರಟಾಗಿ, ಅಲ್ಲಲ್ಲಿ ಬಿಳಿಚಿ, ಅಲ್ಲಲ್ಲಿ ಕಪ್ಪುಗಟ್ಟಿತ್ತು. ಊರಿಗೆ ಇಷ್ಟು ಸಾಕಾಗಿತ್ತು. ಒಬ್ಬರು ಅದು ಕುಷ್ಠದ ಕಲೆ ಎಂದರು. ಇನ್ನೊಬ್ಬರು, ಮಧ್ಯರಾತ್ರಿ ದೀಪವಿಟ್ಟು ಮಾಟ ಮಾಡುತ್ತಾರೆ ಎಂದರು. ಮದುವೆ ಮನೆಗಳಲ್ಲಿ ಅವರಿಗೆ ಊಟ ಬಡಿಸುತ್ತಿದ್ದರು, ಆದರೆ ಪಂಕ್ತಿಯ ತುದಿಯಲ್ಲಿ, ಪಕ್ಕದ ಎಲೆ ಖಾಲಿ ಬಿಟ್ಟು.

ಒಂದು ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಜೋರಾಗಿ ಬಂತು. ಮಳೆ ಹಿಡಿದು ಬಿಡದೆ ಹೊಡೆದರೆ ಈ ರೋಗ ಬರುವುದು ತೋಟದವರಿಗೆಲ್ಲ ಗೊತ್ತು. ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೊಮ್ಮೆ, ನಡುವೆ ಬಿಡುವು ನೋಡಿ ಇನ್ನೊಮ್ಮೆ ಗೊನೆಗಳಿಗೆ ಹೊಡೆಯಬೇಕೆಂಬುದೂ ಗೊತ್ತು. ಆ ವರ್ಷ ಎರಡನೆಯ ಮದ್ದಿಗೆ ಮಳೆ ಬಿಡುವು ಕೊಡಲಿಲ್ಲ. ಹಸಿರು ಕಾಯಿಗಳು ಉದುರಿ ತೋಟದ ತುಂಬ ಹಾಸಿಕೊಂಡವು. ಮಳೆಯನ್ನು ಬೈದು ಪ್ರಯೋಜನವಿಲ್ಲ, ಬೈಯಲು ಮನುಷ್ಯನೇ ಬೇಕು. ಬಣ್ಣದವರ ಕಣ್ಣು ಬಿದ್ದದ್ದರಿಂದಲೇ ಹೀಗಾಯಿತು ಎಂಬ ಮಾತು ನಮ್ಮ ಅಂಗಳದಲ್ಲೇ, ನನ್ನ ಕಿವಿಗೆ ಕೇಳುವ ಹಾಗೆ ನಡೆಯಿತು.

ನನ್ನ ಅಜ್ಜಿ ಹಟ ಹಿಡಿದ ಮಕ್ಕಳಿಗೆ ಅವರ ಹೆಸರು ಹೇಳುತ್ತಿದ್ದರು. ಉಣ್ಣದಿದ್ದರೆ ಬಣ್ಣದಜ್ಜನನ್ನು ಕರೆಯುತ್ತೇನೆ ಎಂದರೆ ತಟ್ಟೆ ಖಾಲಿಯಾಗುತ್ತಿತ್ತು. ನನಗೆ ಹೆದರಲು ಬೇರೆ ಕಾರಣವೂ ಇತ್ತು. ತೀರಾ ಸಣ್ಣವಳಿದ್ದಾಗ ಅಜ್ಜಿಯ ಮಡಿಲಲ್ಲಿ ಕುಳಿತು ದೇವೀಮಹಾತ್ಮೆ ಆಟ ನೋಡಿದ್ದೆ. ಮಹಿಷಾಸುರ ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ. ನೋಡುತ್ತ ಕುಳಿತವರ ಬೆನ್ನ ಹಿಂದಿನ ಕತ್ತಲಿನಿಂದ ಬರುತ್ತಾನೆ. ಸೂಟೆಗಳ ಬೆಳಕು, ರಾಳದ ಪುಡಿ ಎರಚಿದಾಗ ಭಗ್ಗೆಂದು ಏಳುವ ಬೆಂಕಿ, ಚೆಂಡೆಯ ಅಬ್ಬರ, ಅದರ ನಡುವೆ ಎರಡು ಕೊಂಬು. ಆ ಕೊಂಬಿನ ಕೆಳಗೆ ಇದ್ದವರು ಬೇಲಿಯಾಚೆಯ ಅಜ್ಜ ಎಂದು ಮರುದಿನ ತಿಳಿದಾಗ ನನ್ನ ಲೆಕ್ಕ ಸುಲಭವಾಗಿತ್ತು. ಅವರು ರಕ್ಕಸನ ವೇಷ ಹಾಕುವ ಮನುಷ್ಯರಲ್ಲ, ಮನುಷ್ಯನ ವೇಷ ಹಾಕಿಕೊಂಡು ಮಳೆಗಾಲ ಕಳೆಯುವ ರಕ್ಕಸ.

ನಮ್ಮ ಸ್ನೇಹ ಸುಣ್ಣದಿಂದ ಶುರುವಾಯಿತು. ತೋಟದ ಮದ್ದಿಗೆಂದು ನಮ್ಮ ಜಗಲಿಯ ಮೂಲೆಯಲ್ಲಿ ಸುಣ್ಣ ಯಾವಾಗಲೂ ಇರುತ್ತಿತ್ತು. ಒಂದು ದಿನ ಬಣ್ಣದಜ್ಜ ಬೇಲಿಯ ಬಳಿ ನಿಂತು ಸ್ವಲ್ಪ ಸುಣ್ಣ ಬೇಕಿತ್ತು ಎಂದು ಕೇಳಿದರು. ಕೇಳಿದವರಿಗೆ ಸುಣ್ಣ ಇಲ್ಲವೆನ್ನುವ ಕ್ರಮ ನಮ್ಮಲ್ಲಿಲ್ಲ. ಅಜ್ಜಿ ಬಾಳೆಲೆಯ ತುಂಡಿನಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟು, ಅವರ ತಡಮೆಯ ಕಲ್ಲಿನ ಮೇಲೆ ಇಟ್ಟು ಓಡಿ ಬಾ ಎಂದರು. ನಾನು ಇಟ್ಟೆ. ಓಡಲಿಲ್ಲ. ಅಂಗಳದಾಚೆ ಜಗಲಿಯಲ್ಲಿ ಅವರು ಸಣ್ಣ ಕಲ್ಲಿನಲ್ಲಿ ಏನನ್ನೋ ಅರೆಯುತ್ತಿದ್ದರು. ರಕ್ಕಸ ಏನು ಅರೆಯುತ್ತಾನೆ ಎಂದು ನೋಡದೆ ಹೋಗುವುದು ನನ್ನಿಂದಾಗಲಿಲ್ಲ.

“ಅಲ್ಲೇ ನಿಂತರೆ ಮಳೆಗೆ ಸುಣ್ಣ ಕರಗ್ತದೆ ಮಗಾ. ತಾ ಇಲ್ಲಿ.”

ದನಿ ಕೇಳಿ ನನಗೆ ಆಶ್ಚರ್ಯವಾಯಿತು. ಗದ್ದೆಯ ಆ ತುದಿಗೆ ಕೇಳುವಂತೆ ಅಬ್ಬರಿಸಿದ ಗಂಟಲು ಅದು. ಹತ್ತಿರದಿಂದ ಒಡೆದು, ಮೆತ್ತಗಾಗಿ, ಕಿವಿಗೊಟ್ಟರೆ ಮಾತ್ರ ಕೇಳುವಂತಿತ್ತು.

“ಎಂತ ಮಾಡುವುದು ಅಜ್ಜ?”

“ಮುಳ್ಳು.”

ಕಲ್ಲಿನ ಮೇಲಿದ್ದುದು ನೆನೆಸಿದ ಅಕ್ಕಿ. ಅದಕ್ಕೆ ಸುಣ್ಣ ಸೇರಿಸಿ, ಬೆರಳಿಗೆ ಒರಟು ಸಿಗದಷ್ಟು ನುಣ್ಣಗೆ ಅರೆದರು. ಹಿಟ್ಟು ತೀರಾ ತೆಳುವಾದರೆ ಇಳಿಯುತ್ತದೆ, ದಪ್ಪವಾದರೆ ಒಣಗಿ ಬಿರಿದು ಉದುರುತ್ತದೆ ಎಂದರು. ಆಮೇಲೆ ತೆಳ್ಳಗಿನ ಕಡ್ಡಿಯೊಂದನ್ನು ಅದರಲ್ಲಿ ಅದ್ದಿ, ನನ್ನ ಎಡಗೈ ಹಿಡಿದು, ಅಂಗೈಯ ಹಿಂಬದಿಗೆ ಒಂದು ಚುಕ್ಕೆ ಇಟ್ಟು ಕಡ್ಡಿಯನ್ನು ಮೇಲಕ್ಕೆ ಎಳೆದರು. ಹಿಟ್ಟು ಕಡ್ಡಿಯೊಂದಿಗೆ ಎದ್ದು ಮೊನೆಯಾಗಿ ನಿಂತಿತು. ತಣ್ಣಗಿತ್ತು. ಒಣಗುತ್ತ ಬಂದ ಹಾಗೆ ಸುತ್ತಲಿನ ಚರ್ಮವನ್ನು ಬಿಗಿಯಾಗಿ ಎಳೆಯಿತು. ಇದಕ್ಕೆ ಚಿಟ್ಟಿ ಎನ್ನುತ್ತಾರೆ. ಮುಖದ ಬಣ್ಣದ ಗೆರೆಗಳ ಅಂಚಿಗೆ ಸಾಲು ಸಾಲಾಗಿ ಇಡುತ್ತ ಹೋದರೆ ಮುಖ ಹಲಸಿನಕಾಯಿಯ ಮೈಯಂತೆ ಮುಳ್ಳೇಳುತ್ತದೆ. ಇಡಲು ಮೂರು ನಾಲ್ಕು ಗಂಟೆ ಬೇಕು. ಒಂದು ಚಿಟ್ಟಿ ಒಣಗುವ ಮೊದಲು ಪಕ್ಕದ್ದಕ್ಕೆ ಕೈ ತಾಗಬಾರದು, ಮುಖ ಸಡಿಲಾಗಬಾರದು, ನಗಬಾರದು, ಮಾತಾಡಬಾರದು. ಬೆಳಗ್ಗೆ ಎಣ್ಣೆ ಹಚ್ಚಿ ಎಲ್ಲವನ್ನೂ ಕಿತ್ತು ತೆಗೆಯಬೇಕು. ಮರುದಿನ ರಾತ್ರಿ ಮತ್ತೆ ಅದೇ ಕೆನ್ನೆಗೆ ಅದೇ ಸುಣ್ಣ.

“ನಾನೂ ರಕ್ಕಸಿ ಆಗ್ತೇನಾ?” ಎಂದು ಕೇಳಿದೆ.

“ಒಂದರಿಂದ ಎಂತ ಆಗುವುದಿಲ್ಲ. ಮುಖ ತುಂಬಬೇಕು.” ಸ್ವಲ್ಪ ಹೊತ್ತು ಬಿಟ್ಟು, “ಆದರೆ ಇದು ಇರುವಷ್ಟು ಹೊತ್ತು ಬೇರೆ ರಕ್ಕಸರು ನಿನ್ನ ಹತ್ತಿರ ಬರುವುದಿಲ್ಲ. ತಮ್ಮವಳು ಅಂತ ಸುಮ್ಮನಿರ್ತಾರೆ,” ಎಂದರು.

ನಮ್ಮ ಬಚ್ಚಲುಕೊಟ್ಟಿಗೆ ಮನೆಯಿಂದ ದೂರ, ಹಟ್ಟಿಯ ಪಕ್ಕದಲ್ಲಿತ್ತು. ಕತ್ತಲಾದ ಮೇಲೆ ಯಾರಾದರೂ ಜೊತೆಗೆ ಬಾರದೆ ನಾನು ಅತ್ತ ಹೆಜ್ಜೆ ಇಟ್ಟವಳಲ್ಲ. ಆ ರಾತ್ರಿ ಎಡಗೈಯನ್ನು ಲಂಗದ ಮಡಿಕೆಯಲ್ಲಿ ಜೋಪಾನವಾಗಿ ಇಟ್ಟುಕೊಂಡು ಒಬ್ಬಳೇ ಹೋದೆ, ಒಬ್ಬಳೇ ಬಂದೆ. ಮಳೆ ಹೊಯ್ಯುತ್ತಿತ್ತು, ತೋಟದೊಳಗಿಂದ ಎಂಥೆಂಥದೋ ಸದ್ದು ಬರುತ್ತಿತ್ತು. ಒಂದೂ ನನ್ನನ್ನು ಮುಟ್ಟಲಿಲ್ಲ. ಅದು ಮಾಯೆಯೋ ಅಲ್ಲವೋ ಎಂಬ ಪ್ರಶ್ನೆ ನನಗೆ ಆಗ ಹುಟ್ಟಲಿಲ್ಲ, ಈಗಲೂ ಹುಟ್ಟುವುದಿಲ್ಲ. ಕೆಲಸ ಮಾಡಿತು.

ಆಮೇಲೆ ದಿನಾ ಹೋಗತೊಡಗಿದೆ. ಅವರು ಎದ್ದಿರುತ್ತಿದ್ದ ಸಂಜೆಯ ಹೊತ್ತಿಗೆ, ಶಾಲೆಯಿಂದ ಬಂದು, ಅಜ್ಜಿ ದೇವರಿಗೆ ದೀಪ ಇಡುವುದರೊಳಗೆ. ರಾತ್ರಿ ಯಾಕೆ ದೀಪ ಎಂದು ಕೇಳಿದ್ದಕ್ಕೆ, ಆರು ತಿಂಗಳು ರಾತ್ರಿಯೇ ಹಗಲಾದವನಿಗೆ ಪತ್ತನಾಜೆ ಆಯಿತು ಮಲಗು ಎಂದರೆ ನಿದ್ದೆ ಬರುತ್ತದೆಯೇ ಎಂದರು. ಕಲಿಯುವ ಕಾಲದಲ್ಲಿ ದೂರದಿಂದ ಕಂಡ ಬಣ್ಣದ ವೇಷದ ಹಿರಿಯರಾದ ಚಂದ್ರಗಿರಿ ಅಂಬು, ಬಣ್ಣದ ಮಾಲಿಂಗ ಇವರ ಹೆಸರು ಹೇಳುವಾಗ ಎರಡೂ ಕೈ ತಾವಾಗಿ ಕೂಡುತ್ತಿದ್ದವು. ಕಣ್ಣಿನ ಸುತ್ತ ಗೆರೆ ಎಳೆಯುವುದರಲ್ಲಿ ಅವರಿಗೂ ತಮಗೂ ಇರುವ ದೂರವನ್ನು ನೆಲದ ಮೇಲೆ ಇದ್ದಿಲಿನಿಂದ ಬಿಡಿಸಿ ತೋರಿಸುತ್ತಿದ್ದರು. ನನಗೆ ಎರಡೂ ಒಂದೇ ಥರ ಕಾಣುತ್ತಿತ್ತು. ಅವರಿಗೆ ಅಲ್ಲ.

ತೋಟದಲ್ಲಿ ಬಿದ್ದ ಅಡಿಕೆ ಹಾಳೆಗಳಿಗೆ ಬರವಿರಲಿಲ್ಲ. ಹಾಳೆಯನ್ನು ಮುಖದ ಅಳತೆಗೆ ಕತ್ತರಿಸಿ, ಕಣ್ಣಿಗೆ ತೂತು ಕೊರೆದು, ಇದ್ದಿಲು, ಅರಸಿನ, ಕೆಮ್ಮಣ್ಣಿನಿಂದ ಬಣ್ಣ ಕೊಟ್ಟು ನಾವು ರಕ್ಕಸರನ್ನು ಮಾಡಿದೆವು. ಪುರಾಣದಲ್ಲಿ ಇರುವವರನ್ನು ಮಾಡಲು ಅವರು ಒಪ್ಪುತ್ತಿರಲಿಲ್ಲ. ಅವರೆಲ್ಲರಿಗೆ ಈಗಾಗಲೇ ಮುಖ ಉಂಟು, ಮುಖ ಇಲ್ಲದವರನ್ನು ಹುಡುಕು ಎನ್ನುತ್ತಿದ್ದರು. ನಾನು ಹುಡುಕಿದೆ. ಕಪ್ಪೆಗಳ ದನಿ ಕದ್ದು ಕೆಸುವಿನ ಎಲೆಯಲ್ಲಿ ಕಟ್ಟಿಡುವ ರಕ್ಕಸಿಯೊಬ್ಬಳು ಸಿಕ್ಕಿದಳು. ಶಾಲೆಯ ದಾರಿಯ ಸಂಕದ ಅಡಿಯಲ್ಲಿ ಕುಳಿತು ಮಕ್ಕಳ ಕೊಡೆ ತಿನ್ನುವವನೊಬ್ಬ ಸಿಕ್ಕಿದ. ಪ್ರತಿಯೊಬ್ಬರನ್ನೂ ಕರೆತಂದಾಗ ಅಜ್ಜ ಬಣ್ಣ ಮುಟ್ಟುವ ಮೊದಲು ಪ್ರಶ್ನೆ ಕೇಳುತ್ತಿದ್ದರು. ಅವನ ಅಮ್ಮ ಯಾರು? ಯಾವಾಗ ಹಸಿವಾಗುತ್ತದೆ? ಮಲಗುವಾಗ ಯಾವ ಮಗ್ಗುಲು? ಕಡೆಗೆ ಯಾವಾಗಲೂ ಒಂದೇ ಪ್ರಶ್ನೆ: “ಅವನಿಗೆ ಹೆದರಿಕೆ ಯಾವುದರದ್ದು?”

“ರಕ್ಕಸನಿಗೆ ಎಂತ ಹೆದರಿಕೆ?”

“ಹೆದರಿಕೆ ಇಲ್ಲದವ ವೇಷಕ್ಕೆ ಆಗುವುದಿಲ್ಲ ಮಗಾ. ಬರೀ ಬೊಬ್ಬೆ ಹಾಕಿ ಹೋಗ್ತಾನೆ.”

ನಾನು ಎರಡು ದಿನ ಯೋಚಿಸಿ, ಕೊಡೆ ತಿನ್ನುವವನಿಗೆ ಬಿಸಿಲಿನ ಹೆದರಿಕೆ ಎಂದೆ. ಬಿಸಿಲು ಬಂದರೆ ಯಾರೂ ಕೊಡೆ ತರುವುದಿಲ್ಲ, ಅವನಿಗೆ ಉಪವಾಸ. ಅಜ್ಜ ಬಹಳ ಹೊತ್ತು ಮಾತಾಡಲಿಲ್ಲ. “ಅದು ಲಾಯ್ಕಾಯ್ತು,” ಎಂದು ಹಾಳೆ ಎತ್ತಿಕೊಂಡರು. ಆ ಮುಖಕ್ಕೆ ಅವರು ಇಟ್ಟ ಹುಬ್ಬು ಎರಡೂ ನಡುವಿನಲ್ಲಿ ಮೇಲಕ್ಕೆ ಎದ್ದಿದ್ದವು, ಹಸಿದವರ ಹುಬ್ಬಿನ ಹಾಗೆಯೇ.

ಆ ಹಾಳೆಯ ಮುಖವನ್ನು ನಾನು ಮನೆಗೆ ತಂದೆ. ಅದೇ ವಾರ ರಜೆಗೆ ಬಂದಿದ್ದ ಚಿಕ್ಕಪ್ಪನ ಮಗನಿಗೆ ಜ್ವರ ಬಂತು. ಮಳೆಯಲ್ಲಿ ದಿನವಿಡೀ ತೋಡಿನಲ್ಲಿ ಆಡಿದ ಹುಡುಗನಿಗೆ ಜ್ವರ ಬರುವುದು ವಿಶೇಷವಲ್ಲ. ಆದರೆ ಮಾಡಿನ ಅಡಿಯಲ್ಲಿ ಸಿಕ್ಕಿಸಿದ್ದ ಆ ಮುಖ ಯಾರ ಕಣ್ಣಿಗೋ ಬಿತ್ತು, ಎಲ್ಲಿಂದ ಬಂತೆಂದು ಕೇಳಿದರು, ನಾನು ಹೇಳಿದೆ. ಹಾಳೆ ಒಲೆಗೆ ಹೋಯಿತು. ಸಂಜೆ ಊರಿನ ಕೆಲವರು ಬೇಲಿ ದಾಟಿ ಹೋಗಿ ಮಕ್ಕಳನ್ನು ಮನೆಗೆ ಸೇರಿಸಬೇಡಿ ಎಂದು ಬಂದರು. ಬೈಯಲಿಲ್ಲವಂತೆ, ಮರ್ಯಾದೆಯಲ್ಲೇ ಹೇಳಿದರಂತೆ. ನನ್ನನ್ನು ಮತ್ತೆ ಅತ್ತ ಬಿಡಲಿಲ್ಲ.

ಅದು ತುಳುವರ ಆಟಿ ತಿಂಗಳು. ಆಟಿ ಅಮಾವಾಸ್ಯೆಯ ಬೆಳಿಗ್ಗೆ ನಮ್ಮ ಕಡೆ ಪಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ಹೊತ್ತು ಮೂಡುವ ಮೊದಲು ಹೋಗಿ, ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯಬೇಕು. ಅರೆದು, ಕರಿಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ, ಕಾದ ಬೆಣಚುಕಲ್ಲು ಹಾಕಿ ಒಗ್ಗರಣೆ ಕೊಟ್ಟು ಬರಿಹೊಟ್ಟೆಗೆ ಕುಡಿಯುವುದು. ಉಷ್ಣ ಇಳಿಯಲು ಮೇಲಿನಿಂದ ಮೆಂತೆ ಗಂಜಿ. ರಾತ್ರಿಯೆಲ್ಲ ಎಚ್ಚರವಿರುತ್ತಿದ್ದ ಬಣ್ಣದಜ್ಜ ಪ್ರತಿ ವರ್ಷ ಆ ಕತ್ತಲಲ್ಲಿ ಗುಡ್ಡ ಹತ್ತಿ ತೊಗಟೆ ತಂದು ಸುತ್ತಲಿನ ಮನೆಗಳ ಜಗಲಿಯಲ್ಲಿ ಇಟ್ಟು ಹೋಗುತ್ತಿದ್ದರು. ಯಾರೂ ಕೇಳಿದ್ದಲ್ಲ, ಅವರೇ ಮಾಡಿಕೊಂಡ ಕ್ರಮ. ಆದರೆ ಇನ್ನೊಬ್ಬರು ಕತ್ತಲಲ್ಲಿ ತಂದ ತೊಗಟೆಯನ್ನು ಕುಡಿಯುವುದೆಂದರೆ ಅವರ ಕೈಯನ್ನು ನಂಬುವುದು. ಮರ ತಪ್ಪಿ ಕಾಸರಕದ ತೊಗಟೆ ಬಂದರೆ ಅದು ವಿಷ, ಜೀವ ಹೋಗುತ್ತದೆ. ಆ ವರ್ಷ ಅವರು ಇಟ್ಟ ತೊಗಟೆಯನ್ನು ಯಾವ ಮನೆಯವರೂ ಎತ್ತಿಕೊಳ್ಳಲಿಲ್ಲ. ನಮ್ಮ ಮನೆಗೆ ಅಪ್ಪ ಬೇರೆ ಕಡೆಯಿಂದ ತಂದರು. ಮಧ್ಯಾಹ್ನದ ಹೊತ್ತಿಗೆ ಜಗಲಿಗಳ ಮೇಲಿನ ತೊಗಟೆ ಒಣಗಿ ಸುರುಟಿತ್ತು. ಅಜ್ಜ ಯಾವಾಗಲೋ ಬಂದು ಒಂದೊಂದನ್ನೂ ಹೆಕ್ಕಿಕೊಂಡು ಹೋದರು. ನಾನು ಕಿಟಕಿಯಿಂದ ನೋಡಿದೆ. ಈಗ ನನಗೆ ಅವರ ಅಂದಿನ ಪ್ರಾಯಕ್ಕೆ ಹತ್ತಿರದ ಪ್ರಾಯ, ಆ ಬಾಗಿದ ಬೆನ್ನು ನೆನಪಾದರೆ ಇವತ್ತಿಗೂ ಸಿಟ್ಟು ಬರುತ್ತದೆ.

ಮುಂದಿನ ತಿರುಗಾಟದಲ್ಲಿ, ಕೊಯ್ಲು ಮುಗಿದ ನಮ್ಮೂರ ಗದ್ದೆಯಲ್ಲೇ ಒಂದು ಹರಕೆಯ ಆಟವಾಯಿತು. ಪ್ರಸಂಗ ಪಂಚವಟಿ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಲ್ಲಿ ನಮ್ಮ ಕಡೆಯವರಿಗೆ ಬಹಳ ಪ್ರೀತಿಯದು. ಅಪ್ಪನ ಕೈ ಹಿಡಿದು ನಾನು ಚೌಕಿಗೆ ಹೋದೆ. ಮಡಲಿನ ತಟ್ಟಿ ಕಟ್ಟಿದ ಚೌಕಿಯಲ್ಲಿ ದೇವರ ಪೀಠ, ಅದರ ಎರಡೂ ಬದಿಗೆ ಅವರವರ ಸ್ಥಾನಕ್ಕೆ ತಕ್ಕಂತೆ ಕುಳಿತ ವೇಷಧಾರಿಗಳು, ಒಬ್ಬೊಬ್ಬರ ಮುಂದೆ ಕನ್ನಡಿ. ಬಣ್ಣದಜ್ಜ ಚಾಪೆಯ ಮೇಲೆ ನೆಟ್ಟಗೆ ಕುಳಿತಿದ್ದರು. ಮುಖಕ್ಕೆ ಕಪ್ಪು ಕೆಂಪು ಬಣ್ಣ ಬಿದ್ದಿತ್ತು, ಕಡ್ಡಿ ಹಿಡಿದ ಕೈ ಚಿಟ್ಟಿಯ ಸಾಲಿನ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಕನ್ನಡಿಯೊಳಗಿಂದ ನನ್ನನ್ನು ನೋಡಿದರು. ಮಾತಾಡುವ ಹಾಗಿಲ್ಲ. ಕಡ್ಡಿಯ ತುದಿಯಿಂದ ನನ್ನ ಎಡಗೈಯನ್ನು ತೋರಿಸಿದರು, ಅಷ್ಟೇ.

ಅವತ್ತು ಅವರದು ಶೂರ್ಪನಖಿ, ಹೆಣ್ಣುಬಣ್ಣ. ಮುಂದೆ ರಾಮನನ್ನು ಒಲಿಸಿಕೊಳ್ಳಲು ಹೋಗುವ ಮಾಯಾ ಶೂರ್ಪನಖಿ ಬೇರೆ, ಅವಳನ್ನು ಸ್ತ್ರೀವೇಷದವರು ಮಾಡುತ್ತಾರೆ. ನಿಜದ ಶೂರ್ಪನಖಿ ಮೊದಲು ಕಾಣಿಸಿಕೊಳ್ಳುವ ತೆರೆ ಪೊರಪ್ಪಾಟು ಬಣ್ಣದ ವೇಷದವರ ಪಾಲಿನದು. ಗೊತ್ತಿಲ್ಲದವರಿಗೆ ಹೇಳಬೇಕು: ಬಣ್ಣದ ವೇಷ ಒಮ್ಮೆಲೇ ಹಾರಿ ಬಂದು ಹೆದರಿಸುವುದಿಲ್ಲ. ತೆರೆಯ ಹಿಂದಿನಿಂದ ಸ್ವಲ್ಪ ಸ್ವಲ್ಪವಾಗಿ ತೋರಿಸಿಕೊಳ್ಳುತ್ತದೆ. ಹಾಗೆ ತೋರಿಸಿಕೊಳ್ಳುವಾಗ ರಾವಣನಾದರೆ ಎದ್ದು, ಮಿಂದು, ಭಸ್ಮ ಧರಿಸಿ, ಶಿವಪೂಜೆ ಮಾಡುತ್ತಾನೆ. ರಕ್ಕಸಿಯಾದರೆ ಕೂದಲು ಬಿಚ್ಚಿ ಬಾಚುತ್ತಾಳೆ, ಹೇನು ಹೆಕ್ಕುತ್ತಾಳೆ, ಸಿಂಗಾರ ಮಾಡಿಕೊಳ್ಳುತ್ತಾಳೆ. ಯುದ್ಧಕ್ಕೆ ಮೊದಲು, ಪಾಪಕ್ಕೆ ಮೊದಲು, ಅವರ ಮನೆಯೊಳಗಿನ ಬೆಳಗನ್ನು ನಮಗೆ ತೋರಿಸುವ ಕ್ರಮ ಅದು. ತೆಂಕುತಿಟ್ಟಿನಲ್ಲಿ ನಾನು ಕಂಡ ಎಲ್ಲದರೊಳಗೆ ನನಗೆ ಅತಿ ದೊಡ್ಡದಾಗಿ ಕಾಣುವುದು ಇದೇ.

ಆ ರಾತ್ರಿ ಶೂರ್ಪನಖಿ ಕೂದಲು ಬಿಚ್ಚಿದಳು. ಇಲ್ಲದ ಬಾಚಣಿಗೆಯನ್ನು ಮೂರು ಸಲ ಮೊಣಕಾಲಿಗೆ ಕುಟ್ಟಿದಳು. ಕತ್ತನ್ನು ಬಲಕ್ಕೆ ವಾಲಿಸಿ, ಕೂದಲನ್ನು ಎದೆಯ ಮೇಲೆ ತಂದು, ತುದಿಯಿಂದ ಶುರುಮಾಡಿ ಸಿಕ್ಕು ಬಿಡಿಸಿದಳು. ಒಂದು ಹೇನು ಸಿಕ್ಕಿತು. ಅದನ್ನು ಎಡ ಉಗುರಿನ ಮೇಲಿಟ್ಟು, ದೂರ ಹಿಡಿದು ನೋಡಿ, ಕಣ್ಣು ಕಿರಿದು ಮಾಡಿ ಮತ್ತೆ ಹತ್ತಿರ ತಂದು, ಬಲ ಉಗುರಿನಿಂದ ಚಟ್ಟೆಂದು ಒತ್ತಿದಳು. ಚೆಂಡೆಯವರು ಆ ಚಟ್ಟಿಗೆ ಸರಿಯಾಗಿ ಒಂದು ಪೆಟ್ಟು ಕೊಟ್ಟರು. ಬಾಚಣಿಗೆಗೆ ಸಿಕ್ಕಿದ ಕೂದಲನ್ನು ಕಿರುಬೆರಳಿಗೆ ಸುತ್ತಿ, ಉಂಡೆ ಮಾಡಿ, ಥೂ ಥೂ ಎಂದು ಉಗುಳಿ ಹಿಂದಕ್ಕೆ ಎಸೆದಳು. ಗದ್ದೆ ತುಂಬ ನಗು. ನನ್ನ ಪಕ್ಕದಲ್ಲಿ ಕುಳಿತಿದ್ದ ಅಜ್ಜಿ ನಗಲಿಲ್ಲ. ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದರು.

“ಇದು ನಾನಲ್ಲವಾ,” ಎಂದರು.

ಹೌದು, ಅಜ್ಜಿಯೇ. ಮೂರು ಕುಟ್ಟು, ಬಲಕ್ಕೆ ವಾಲಿದ ಕತ್ತು, ಕಣ್ಣು ಸರಿ ಕಾಣದೆ ದೂರ ಹಿಡಿದು ನೋಡುವ ಹೇನು. ಪ್ರತಿ ಮಧ್ಯಾಹ್ನ ಬಾವಿಕಟ್ಟೆಯ ಪಕ್ಕದ ಬಿಸಿಲಿನಲ್ಲಿ, ಬೇಲಿಗೆ ಬೆನ್ನು ಹಾಕಿ ಕುಳಿತು ಬಾಚಿಕೊಳ್ಳುತ್ತಿದ್ದ ನನ್ನ ಅಜ್ಜಿ. ಬಣ್ಣದವರ ಕಣ್ಣು ಬೇಲಿ ದಾಟಿ ಬರುತ್ತದೆ ಎಂದು ಊರು ಹೇಳುತ್ತಿದ್ದುದು ಸುಳ್ಳಾಗಿರಲಿಲ್ಲ. ಬಂದ ಕಣ್ಣು ಏನು ಮಾಡಿಕೊಂಡು ಹೋಯಿತೆಂಬುದು ಗೊತ್ತಿರಲಿಲ್ಲ.

ಅಜ್ಜಿಗೆ ಸಿಟ್ಟು ಬರುತ್ತದೆಂದು ನಾನು ಕಾದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ನಗತೊಡಗಿದರು, ಆಮೇಲೆ ನಿಲ್ಲಿಸಲು ಆಗಲೇ ಇಲ್ಲ. ಆದರೆ ರಾತ್ರಿ ಏರಿ, ಲಕ್ಷ್ಮಣ ಶೂರ್ಪನಖಿಯ ಕಿವಿ ಮೂಗು ಕೊಯ್ಯುವ ಹೊತ್ತಿಗೆ ಅವರು ಮುಖ ತಿರುಗಿಸಿಬಿಟ್ಟರು. ಮುಖದ ತುಂಬ ಕೆಂಪು ಹಚ್ಚಿಕೊಂಡ ರಕ್ಕಸಿ ಅಬ್ಬರಿಸುತ್ತ ರಂಗಸ್ಥಳ ಸುತ್ತುವಾಗ ಅಜ್ಜಿ “ಪಾಪ, ಪಾಪ” ಎನ್ನುತ್ತಲೇ ಇದ್ದರು. ಎಷ್ಟೋ ಪಂಚವಟಿ ನೋಡಿದ್ದ ನನ್ನ ಅಜ್ಜಿ ಶೂರ್ಪನಖಿಗೆ ಪಾಪ ಎಂದದ್ದು ಅದೇ ಮೊದಲು.

ಬಣ್ಣದಜ್ಜನಿಗೆ ನಾವು ಮಾಡಿದ ಅನ್ಯಾಯ ಏನೆಂದು ನಾನು ಬೆಳೆಯುತ್ತ ಬೆಳೆಯುತ್ತ ಅರ್ಥ ಮಾಡಿಕೊಂಡೆ. ರಾತ್ರಿ ಹೆದರಿಸಲೆಂದು ನಾವೇ ವೀಳ್ಯ ಕೊಟ್ಟು ಕರೆಸಿಕೊಂಡೆವು. ಆ ಹೆದರಿಕೆಯನ್ನು ಅವರು ತಮ್ಮ ಕೆನ್ನೆಯ ಮೇಲೆ, ಚುಕ್ಕೆ ಚುಕ್ಕೆಯಾಗಿ, ನಾಲ್ಕು ಗಂಟೆ ಉಸಿರು ಬಿಗಿಹಿಡಿದು ನಮಗಾಗಿ ಕಟ್ಟಿದರು. ಸುಣ್ಣ ಚರ್ಮವನ್ನು ತಿಂದಿತು. ಬೆಳಗಾದ ಮೇಲೆ ಆ ತಿಂದ ಚರ್ಮವನ್ನು ನೋಡಿ ನಾವು ಕುಷ್ಠ ಎಂದೆವು. ನಿದ್ದೆಗೆಟ್ಟ ಕಣ್ಣನ್ನು ಕೆಟ್ಟ ಕಣ್ಣು ಎಂದೆವು. ಕಾಲೇಜಿನ ದಿನಗಳಲ್ಲಿ ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ ನನ್ನ ಕೈಗೆ ಬಂತು. 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಪುಸ್ತಕ ಅದು. ಕಾರಂತರು ಬದುಕಿ ಬರೆದ ಪುತ್ತೂರಿನ ಬಾಲವನಕ್ಕೂ ನಮ್ಮೂರಿಗೂ ಹೆಚ್ಚು ದೂರವಿಲ್ಲ. ದೊಡ್ಡ ವಿದ್ವಾಂಸರೊಬ್ಬರು ಊರೂರು ತಿರುಗಿ ಅಭ್ಯಾಸ ಮಾಡಿದ ಕಲೆಗೆ ನಮ್ಮ ಅಂಗಳದಲ್ಲಿ ಮಾಟ ಎಂಬ ಹೆಸರಿತ್ತು.

ಮುಂದಿನ ಆಟಿ ಅಮಾವಾಸ್ಯೆಗೆ ಬಣ್ಣದಜ್ಜ ಯಾರ ಜಗಲಿಗೂ ಬರಲಿಲ್ಲ. ಅಜ್ಜಿ ಇನ್ನೂ ಕತ್ತಲಿರುವಾಗಲೇ ಲಾಟೀನು ಹಿಡಿದು, ನನ್ನನ್ನು ಎಬ್ಬಿಸಿಕೊಂಡು ಬೇಲಿಯವರೆಗೆ ಹೋದರು. ಆಚೆ ದೀಪ ಉರಿಯುತ್ತಿತ್ತು.

“ಬಣ್ಣದವರೇ, ನಮಗೆ ತೊಗಟೆ ಬೇಡವಾ?” ಎಂದು ಕೂಗಿದರು.

ಅಜ್ಜ ಹೊರಗೆ ಬಂದರು, ಏನೂ ಹೇಳದೆ ಗೋಣಿಕೊಪ್ಪೆ ಹಾಕಿಕೊಂಡು ಗುಡ್ಡದ ಕಡೆ ಹೊರಟರು. ಅವತ್ತು ಕಷಾಯವಾದ ಮೇಲೆ ಅವರು ನಮ್ಮ ಜಗಲಿಯಲ್ಲಿ ಕುಳಿತು ಮೆಂತೆ ಗಂಜಿ ಕುಡಿದರು. ಊರು ಬದಲಾಯಿತು ಎಂದು ಹೇಳಲಾರೆ. ಪಂಕ್ತಿಯಲ್ಲಿ ಖಾಲಿ ಎಲೆ ಇನ್ನೂ ಬಹಳ ವರ್ಷ ಇತ್ತು. ನಮ್ಮ ಮನೆ ಮಾತ್ರ ಬದಲಾಯಿತು. ಅಜ್ಜಿ ಬಾವಿಕಟ್ಟೆಯ ಬಳಿ ಬಾಚಿಕೊಳ್ಳುವಾಗ ಒಮ್ಮೊಮ್ಮೆ ಬೇಲಿಯ ಕಡೆ ತಿರುಗಿ, ಸರಿಯಾಗಿ ನೋಡಿಕೊಳ್ಳಿ ಎನ್ನುತ್ತಿದ್ದರು.

1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾದ ಮೇಲೆ ನಮ್ಮಲ್ಲಿಗೆ ರೇಡಿಯೋ ಬಂತು, ತಾಳಮದ್ದಳೆ ಕೇಳಲು ಅಜ್ಜ ಬರತೊಡಗಿದರು. ಅರ್ಥಧಾರಿಗಳ ಮಾತಿಗೆ ತಲೆದೂಗುತ್ತಿದ್ದರು. ಮಾತಿನಲ್ಲೇ ಎಲ್ಲ ನಡೆಯುವಲ್ಲಿ ತಮ್ಮ ಕಸುಬಿಗೆ ಜಾಗವಿಲ್ಲ ಎಂದು ಅವರಿಗೆ ಗೊತ್ತಿತ್ತು. ಆ ವಿಷಯ ತೆಗೆಯುತ್ತಿರಲಿಲ್ಲ. ಕಣ್ಣು ಮಂಜಾಗಿ, ಕಡ್ಡಿ ಹಿಡಿದ ಕೈ ನಡುಗತೊಡಗಿದ ಮೇಲೆ ಮೇಳ ಬಿಟ್ಟರು. ಆಗ ನಾನು ಮಂಗಳೂರಿನಲ್ಲಿ ಓದುತ್ತಿದ್ದೆ. ರಜೆಗೆ ಬಂದಾಗ ಅವರ ಜಗಲಿಯಲ್ಲಿ ಕುಳಿತು, ಎಷ್ಟೋ ವರ್ಷದಿಂದ ನಾಲಿಗೆಯ ತುದಿಯಲ್ಲಿದ್ದುದನ್ನು ಕೇಳಿದೆ.

“ಅಜ್ಜ, ನಿಮಗೆ ಹೆದರಿಕೆ ಯಾವುದರದ್ದು?”

“ನಿನ್ನ ಆ ಕೊಡೆ ತಿನ್ನುವವನಿಗೆ ಬಿಸಿಲಿನದ್ದಲ್ಲವಾ?” ಎಂದರು. “ನನಗೆ ಮಳೆಯದ್ದು. ಪತ್ತನಾಜೆಯ ಮರುದಿನದಿಂದ ಅಕ್ಕಿ ಅಳೆದು ಬೇಯಿಸಬೇಕು. ಅದರಲ್ಲೇ ಒಂದು ಮುಷ್ಟಿ ತೆಗೆದು ಚಿಟ್ಟಿಗೆ ಅರೆಯಬೇಕು, ಕೈ ತಪ್ಪಬಾರದಲ್ಲ.”

ಮೊದಲ ದಿನ ಆ ಕಲ್ಲಿನ ಮೇಲೆ ನಾನು ಕಂಡದ್ದು ಅವರ ಊಟದ ಅಕ್ಕಿ ಎಂದು ತಿಳಿದದ್ದು ಆಗ. ಎರಡು ಮಳೆಗಾಲ ಕಳೆದ ಮೇಲೆ, ಒಂದು ಆಟಿಯಲ್ಲಿ, ಅವರು ತೀರಿಕೊಂಡರು.

ಈಗ ಅನೇಕ ಮೇಳಗಳು ಕಾಲಮಿತಿಗೆ ಬಂದಿವೆ. ಸಂಜೆ ಶುರುವಾಗಿ ನಡುರಾತ್ರಿಯೊಳಗೆ ಮಂಗಳ. ಜನರಿಗೆ ಬೆಳಗ್ಗೆ ಕೆಲಸವಿದೆ, ಕಲಾವಿದರಿಗೂ ನಿದ್ದೆ ಬೇಕು, ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ಕತ್ತರಿ ಬೀಳುವ ಜಾಗಕ್ಕೆ. ಯುದ್ಧ ಉಳಿಯುತ್ತದೆ, ಹಾಸ್ಯ ಉಳಿಯುತ್ತದೆ, ತೆರೆಯ ಹಿಂದಿನ ಆ ಬೆಳಗು ಹೋಗುತ್ತದೆ. ಮನೆಯಿಲ್ಲದ, ಹಸಿವಿಲ್ಲದ, ಕೂದಲು ಬಾಚದ ರಕ್ಕಸರು ಬರುತ್ತಾರೆ, ಬೊಬ್ಬೆ ಹಾಕುತ್ತಾರೆ, ಸಾಯುತ್ತಾರೆ. ಅದನ್ನು ನೋಡಿದ ಮಗು ಹೆದರಬಹುದು, ಪಾಪ ಎನ್ನಲಾರದು. ಆಟದ ಹೊತ್ತು ಎಷ್ಟು ಬೇಕಾದರೂ ಇಳಿಯಲಿ, ತೆರೆ ಪೊರಪ್ಪಾಟಿಗೆ ಕಾಲು ಗಂಟೆಯಾದರೂ ಬಿಡಿ ಎಂದು ಆಟ ಆಡಿಸುವವರಲ್ಲಿ ಕಂಡಾಗಲೆಲ್ಲ ಹೇಳುತ್ತೇನೆ.

ಹೋದ ವರ್ಷ ಊರಿನ ಹತ್ತಿರದ ಒಂದು ದೇವಸ್ಥಾನದಲ್ಲಿ ಪಂಚವಟಿ ಇತ್ತು. ಚೌಕಿಗೆ ಹೋದೆ. ಶೂರ್ಪನಖಿ ಮಾಡುವವನು ಇಪ್ಪತ್ತು ದಾಟಿದ ಹುಡುಗ, ಬಣ್ಣಕ್ಕೆ ಕೂರುವ ಮೊದಲು ಚಹಾ ಕುಡಿಯುತ್ತಿದ್ದ. ಹೇನು ಹೆಕ್ಕುವುದು ಮಾಡ್ತೀಯಾ ಎಂದು ಕೇಳಿದೆ. ಸಮಯ ಸಿಕ್ಕಿದರೆ ಸ್ವಲ್ಪ ಮಾಡ್ತೇನೆ ಅಕ್ಕ, ನೋಡಿ ಕಲಿತದ್ದು ಕಡಿಮೆ ಎಂದ. ನಾನು ಚಾಪೆಯ ತುದಿಯಲ್ಲಿ ಕುಳಿತು ಜಡೆ ಬಿಚ್ಚಿದೆ. ಮೂರು ಸಲ ಮೊಣಕಾಲಿಗೆ ಕುಟ್ಟಿ, ಕತ್ತು ಬಲಕ್ಕೆ ವಾಲಿಸಿ, ಎಡ ಉಗುರನ್ನು ದೂರ ಹಿಡಿದು ತೋರಿಸಿದೆ. ಪಕ್ಕದ ವೇಷದವರು ಕನ್ನಡಿ ಕೆಳಗಿಟ್ಟು ನೋಡುತ್ತಿದ್ದರು. ಹುಡುಗ ಚಹಾದ ಲೋಟ ನೆಲಕ್ಕಿಟ್ಟು, ನನ್ನ ಎದುರು ಕುಳಿತು, ತನ್ನ ಕತ್ತನ್ನು ವಾಲಿಸಿ ನೋಡಿಕೊಂಡ.

“ಒತ್ತಿದ ಮೇಲೆ ಅಕ್ಕ,” ಎಂದ, “ಉಗುರನ್ನು ಎಲ್ಲಿಗೆ ಒರೆಸುತ್ತಿದ್ದರು?”